ಮಾರ್ಜಿನ್

ಶಮೀಮಾ, ನಿನ್ನ ಓವರ್‌ಲಾಕ್ ಒಂದು ಗಳಿಗೆ ನಿಲ್ಲಿಸು,
ಇದು ಮಿಷಿನ್ನಿನ ಸದ್ದಿನಲ್ಲಿ ಹೇಳೋ ಮಾತಲ್ಲ.

ಮೂರನೇ ತಿಂಗಳ ಆ ಕಲೆ ನೆನಪೈತಾ?
ನೀನೇ ನೋಡಿದ್ದು, ನನ್ನ ಸ್ಟೂಲಿನ ಮೇಲೆ,
ರೂಪಾಯಿ ನಾಣ್ಯದಷ್ಟು.
ಹೋಯ್ತು ಅಂದ್ಕೊಂಡೆ. ಹೋಗಿರಲಿಲ್ಲ.
ಕೂಸು ಇದ್ದಲ್ಲೇ ಇತ್ತು,
ಬೇರೆ ಯಾರೋ ಬಂದು
ಬಾಗಿಲಲ್ಲಿ ಕೂತಿದ್ರು.

ದೊಡ್ಡಾಸ್ಪತ್ರೆ ಡಾಕ್ಟರಮ್ಮ ಚೀಟಿ ಹಿಂದೆ
ಬೋರಲು ಬಿಂದಿಗೆ ಬರೆದ್ಲು.
ಇದು ಗರ್ಭ, ಇದು ಅದರ ಕೊರಳು, ಇಲ್ಲಿ
(ಪೆನ್ನು ಒಂದು ಚುಕ್ಕೆ ಇಟ್ಟಿತು)
ಕ್ಯಾನ್ಸರ್. ಈಗಷ್ಟೇ ಹುಟ್ಟಿದ್ದು.

ಹುಟ್ಟಿದ್ದು ಅನ್ನೋ ಮಾತು
ಆ ರೂಮಿನಲ್ಲಿ ಅದಕ್ಕೆ ಕೊಡಬಾರದಿತ್ತು.

ಅತ್ತೆ ತೆಲುಗಿನಲ್ಲಿ ಅತ್ಲು.
ಸಿಟ್ಟಿಗೆ ಕನ್ನಡ, ದುಃಖಕ್ಕೆ ತೆಲುಗು ಅವಳದ್ದು.
ಎರ್ರಿಸ್ವಾಮಿ ಲಾರಿಯಿಂದ ನೇರ ಬಂದಿದ್ದ,
ಅದಿರಿನ ಕೆಂಪು ಕಿವಿಯೊಳಗೂ.
ಕೇಳಿದ್ದು ಒಂದೇ: ಇಬ್ಬರಲ್ಲಿ ಯಾರು ಮೇಡಂ?
ಆಕೆಗೆ ರೇಗಿತು.
ಸಿನಿಮಾ ನೋಡಿ ಬಂದೀಯೇನಪ್ಪಾ?
ಆರಿಸು ಅಂತ ನಿನ್ನ ಕೇಳಿದವರ್ಯಾರು?

ಆಮೇಲೆ ನನ್ನ ಕಡೆ ತಿರುಗಿ, ನಿಧಾನಕ್ಕೆ:
ಹದಿನಾರು ವಾರ ತುಂಬಲಿ.
ಕೂಸಿರೋ ಕಡೆ ಕೈ ಹಾಕೋದಿಲ್ಲ,
ಕೊರಳ ತುದೀಲಿ ಇಷ್ಟೇ ತೆಗೀತೀವಿ,
ಶೇಂಗಾ ಪೊಟ್ಟಣದ ಆಕಾರ,
ಗೊಂಬೆ ಕೈಯಲ್ಲಿ ಹಿಡಿಯೋ ಪೊಟ್ಟಣ.
ರಕ್ತ ಹೋಗಬಹುದು. ಕೂಸು ಜಾರಲೂಬಹುದು.
ಜಾರದ ಹಾಗೆ ಸುತ್ತ ಒಂದು ದಾರ ಬಿಗೀತೀವಿ.

ಎಷ್ಟನೇ ನಂಬರ್ ದಾರ? ಅಂದೆ.
ಆಗ ಆಕೆ ಮೊದಲ ಸಲ
ನನ್ನ ಮುಖ ನೋಡಿದ್ಲು.

ನಿನಗೆ ಗೊತ್ತಲ್ಲ, ಜೀನ್ಸಿಗೆ ಬರೋ ಮುಂಚೆ
ಮಿಲ್ಲರ್‌ಪೇಟೆ ಮನೇಲಿ ನಾನು ಬ್ಲೌಸ್ ಹೊಲೀತಿದ್ದೆ.
ಕೊರಳು ಒಂದು ನೂಲು ಹೆಚ್ಚು ಕತ್ತರಿಸಿದ್ರೆ ಹೆಗಲಿಂದ ಜಾರುತ್ತೆ,
ಒಂದು ನೂಲು ಕಮ್ಮಿಯಾದ್ರೆ ಉಸಿರು ಕಟ್ಟುತ್ತೆ.
ಆ ರಾತ್ರಿಯೆಲ್ಲಾ ನಾನು ಕತ್ತರಿಸ್ತಿದ್ದೆ
ಕತ್ತಲಲ್ಲಿ, ಕತ್ತರಿ ಇಲ್ಲದೆ.

ಆಪರೇಷನ್ ದಿನ ಒಂದು ತಮಾಷೆ.
ನರ್ಸು ಬೆರಳು ಹಿಡಿದು ಕೂಗಿದ್ಲು
ಉಗುರೆಲ್ಲಾ ನೀಲಿ, ಆಕ್ಸಿಜನ್ ತಗೊಂಬರ್ರೀ!
ಅಕ್ಕಾ, ಇದು ಪ್ಯಾಂಟಿನ ಬಣ್ಣ ಅಂದೆ.
ಸೊಂಟದ ಕೆಳಗೆ ಮರಗಟ್ಟಿದವಳು ನಕ್ಕಿದ್ದಕ್ಕೆ
ಟೇಬಲ್ಲು ಅಲ್ಲಾಡಿತಂತೆ.

ತೆಗೆದ ತುಂಡು ಸೀಸೆಗೆ ಹೋಯ್ತು.
ಮೇಲೆ ನನ್ನ ಹೆಸರು, ಹುಲಿಗೆಮ್ಮ, ಇಪ್ಪತ್ತೊಂಬತ್ತು.
ದಿಕ್ಕು ತಪ್ಪದಿರಲಿ ಅಂತ
ತುಂಡಿನ ಒಂದು ಬದಿಗೆ ದಾರದ ಗಂಟು,
ನಾವು ಮುಂಭಾಗಕ್ಕೆ ಸುಣ್ಣದಕಡ್ಡಿ ಗುರುತು ಹಾಕ್ತೀವಲ್ಲ
ಹಂಗೇ.

ಹನ್ನೊಂದು ದಿನ.
ಕಿಟಕಿಯಲ್ಲಿ ಬಳ್ಳಾರಿ ಗುಡ್ಡ.
ಒಂದೇ ಕಲ್ಲಂತೆ, ಎಲ್ಲೂ ಹೊಲಿಗೆಯೇ ಇಲ್ಲ.
ಹೊಟ್ಟೆಕಿಚ್ಚಾಯ್ತು ನಂಗೆ, ಕಲ್ಲಿನ ಮೇಲೆ.
ಏಳನೇ ದಿನವೋ ಎಂಟನೇ ದಿನವೋ
ಒಳಗೆ ಮೀನು ಬಾಲ ಆಡಿಸಿದಂಗೆ.
ಯಾರಿಗೂ ಹೇಳಲಿಲ್ಲ.
ಹೇಳಿದ್ರೆ ದಾರ ಸಡಿಲ ಆಗುತ್ತೇನೋ.

ರಿಪೋರ್ಟ್ ಬಂತು. ಮಾರ್ಜಿನ್ ಕ್ಲಿಯರ್.
ಎರ್ರಿಸ್ವಾಮಿ ನನ್ನ ಮುಖ ನೋಡಿದ.
ಒಂಬತ್ತು ವರ್ಷ ಅರ್ಧ ಇಂಚು ಬಿಟ್ಟು ಹೊಲಿದವಳು ನಾನು,
ನನಗೆ ಅರ್ಥ ಹೇಳಬೇಕಾ?
ಎಷ್ಟು ಬಿಟ್ಟೀರಿ? ಅಂದೆ.
ಮೂರು ಮಿಲಿಮೀಟರ್.
ನಮ್ಮ ಸೇಟು ಆಗಿದ್ರೆ
ಆ ಪೀಸು ರಿಜೆಕ್ಟ್.

ಸದ್ಯಕ್ಕೆ ಸಾಕು ಅಂದ್ಲು ಆಕೆ.
ಹೆರಿಗೆ ತನಕ ಕಣ್ಣಿಟ್ಟಿರ್ತೀವಿ, ಆಮೇಲೆ ಮತ್ತೆ ನೋಡ್ತೀವಿ.
ಪೂರ್ತಿ ಮುಗೀತು ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಈಗ ಏಳು ತುಂಬೈತೆ. ಬಂಡಲ್ ಎತ್ತಂಗಿಲ್ಲ,
ಕೂತು ದಾರದ ತುದಿ ಕತ್ತರಿಸೋ ಕೆಲಸ.
ಒಳಗಿನ ದಾರ ಇನ್ನೂ ಎರಡು ತಿಂಗಳಿಗೆ ಬಿಚ್ತಾರೆ.

ಶಮೀಮಾ, ಇದೆಲ್ಲಾ ಯಾಕೆ ಹೇಳ್ದೆ ಅಂದ್ರೆ,
ಮೊನ್ನೆ ನೀನು ವೇಸ್ಟ್ ಬಟ್ಟೆ ಮಡಚಿ
ಬಚ್ಚಲಿಗೆ ಒಯ್ದೆಯಲ್ಲ,
ತಿಂಗಳ ನಡುವೆ, ಎರಡನೇ ಸಲ.
ನೋಡಿದೆ.

ಸೋಮವಾರ ಎಂಟಕ್ಕೇ ಚೀಟಿ ಮಾಡಿಸಬೇಕು.
ನಾನೂ ಬರ್ತೀನಿ, ಹೆಂಗೂ ನನ್ನ ಸ್ಕ್ಯಾನ್ ಐತೆ.
ಹೂಂ ಅನ್ನು.
ಅಂದು ಮಿಷಿನ್ ಹಾಕು, ಸೇಟು ಮೆಟ್ಟಿಲು ಹತ್ತಿದ.